ಮನೆ ಮಾರೋದು ಕೊನೆಯ ಹೆಜ್ಜೆ

ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲೋ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಯಾವುದಾದ್ರೂ ಬಡಾವಣೆಯಲ್ಲೋ ಈ ಥರದ ಮನೆ ನೀವು ನೋಡೇ ಇರ್ತೀರಿ. 30×40 ಸೈಟು, ಮುಂದೆ ಕಬ್ಬಿಣದ ಗೇಟು, ಪಕ್ಕದಲ್ಲಿ ಒಂದು ತೆಂಗಿನ ಮರ, ಹೊರಗಿನಿಂದಲೇ ಮಹಡಿಗೆ ಮೆಟ್ಟಿಲು. ಮೇಷ್ಟ್ರೋ, ಬ್ಯಾಂಕಿನವರೋ, ಕೆಇಬಿ ನೌಕರರೋ ಸಾಲ ಮಾಡಿ ಕಟ್ಟಿಸಿದ್ದು. ಮಹಡಿ ಎಬ್ಬಿಸಿದ್ದು ಮಗನಿಗೆ ಅಂತ. ಮಗ ಈಗ ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾನೆ. ಮಹಡಿಗೆ ಬೀಗ ಬಿದ್ದಿದೆ. ಕೆಳಗೆ ಇರೋದು ಅಜ್ಜ-ಅಜ್ಜಿ ಇಬ್ಬರೇ, ಕೆಲವು ಮನೆಗಳಲ್ಲಿ ಒಬ್ಬರೇ.

ಇಂಥ ಮನೆಗಳಲ್ಲಿ ಈಗ ಒಂದು ಮಾತು ಆಗಾಗ ಬರುತ್ತೆ. "ಇಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ? ಮಾರಿಬಿಡೋಣ. ಬೆಂಗಳೂರಲ್ಲಿ ಹಿರಿಯರಿಗೇ ಅಂತ ಅಪಾರ್ಟ್‌ಮೆಂಟ್ ಇವೆ, ಅಲ್ಲಿ ಒಂದು ಫ್ಲಾಟ್ ತಗೊಳ್ಳೋಣ." ಮಾರನೇ ದಿನ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ಬ್ರೋಷರ್ ಬೀಳುತ್ತೆ. ಆಮೇಲೆ ಯಾರಾದ್ರೂ ನಮ್ಮ ಕಡೆ ತಿರುಗಿ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಪ್ಲಾನ್ ನೋಡಿ ಹೇಳು" ಅಂತಾರೆ. ನಾವು ಎರಡನೇ ವರ್ಷಕ್ಕೆ ಬೀಮಿನ ಬೆಂಡಿಂಗ್ ಮೊಮೆಂಟ್ ತೆಗೆಯೋದು ಕಲಿತಿರ್ತೀವಿ. ಆದ್ರೆ ಎಪ್ಪತ್ತೈದು ದಾಟಿದವರು ಮನೆ ಬದಲಾಯಿಸೋದು ಹೇಗೆ ಅಂತ ಯಾವ ಸೆಮಿಸ್ಟರಿನಲ್ಲೂ ಬರಲ್ಲ. ಅದಕ್ಕೇ ಈ ಲೇಖನ.

ಮುಖ್ಯವಾದ ಮಾತನ್ನ ಮೊದಲೇ ಹೇಳಿಬಿಡ್ತೀವಿ. ಈ ಕೆಲಸದಲ್ಲಿ ಕೆಲವು ಹೆಜ್ಜೆಗಳನ್ನ ವಾಪಸ್ ತಗೋಬಹುದು. ಅಳತೆ ತಗೊಳ್ಳೋದು, ರಿಪೇರಿ ಮಾಡಿಸೋದು, ಒಂದು ತಿಂಗಳು ಬೇರೆ ಕಡೆ ಇದ್ದು ನೋಡೋದು ಇವೆಲ್ಲ ಹಾಗೆ. ಮನೆ ಮಾರೋದನ್ನ ಮಾತ್ರ ವಾಪಸ್ ತಗೊಳ್ಳೋಕಾಗಲ್ಲ. ಹಾಗಾಗಿ ವಾಪಸ್ ಆಗುವ ಹೆಜ್ಜೆಗಳೆಲ್ಲ ಮೊದಲು, ಮಾರಾಟ ಕೊನೆಗೆ. ಒಳ್ಳೆ ರೇಟ್ ಬಂತು ಅಂತ ಮೊದಲು ಮಾರಿ, ಆಮೇಲೆ ಅವರು ಎಲ್ಲಿರಬೇಕು ಅಂತ ಹುಡುಕಿದ್ರೆ ಇಡೀ ಲೆಕ್ಕ ತಲೆಕೆಳಗಾಗುತ್ತೆ.

ಇದು ವೃದ್ಧಾಶ್ರಮವಾ?

ಮನೇಲಿ ಈ ವಿಷಯ ಎತ್ತಿದ ತಕ್ಷಣ ಬರುವ ಮೊದಲ ಪ್ರಶ್ನೆ ಇದು. ಕೇಳೋರ ದನಿಯಲ್ಲಿ ಸಿಟ್ಟೂ ಇರುತ್ತೆ, ಭಯಾನೂ ಇರುತ್ತೆ. ಆದ್ರಿಂದ ವ್ಯತ್ಯಾಸ ಸ್ಪಷ್ಟ ಇರಲಿ.

ವೃದ್ಧಾಶ್ರಮ ಅಂದ್ರೆ ಸಾಮಾನ್ಯವಾಗಿ ನೋಡಿಕೊಳ್ಳುವವರು ಇಲ್ಲದವರಿಗೆ ಟ್ರಸ್ಟೋ ಸರ್ಕಾರವೋ ಕೊಡುವ ಆಸರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಲ್ಲಿ, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮಗಳನ್ನ ರಾಜ್ಯ ಸರ್ಕಾರ ಸ್ಥಾಪಿಸಬಹುದು ಅಂತ ಇದೆ. ನಿವೃತ್ತರ ಅಪಾರ್ಟ್‌ಮೆಂಟ್ ಬೇರೆ. ಅಲ್ಲಿ ನಿಮ್ಮದೇ ಬಾಗಿಲು, ನಿಮ್ಮದೇ ಬೀಗದ ಕೈ, ನಿಮ್ಮದೇ ಅಡುಗೆಮನೆ ಇರುತ್ತೆ. ಅದರ ಜೊತೆಗೆ ಊಟದ ಹಾಲ್, ಮನೆ ಗುಡಿಸಿ ಒರೆಸುವವರು, ರಾತ್ರಿ ಕರೆದರೆ ಬರುವ ನರ್ಸ್, ಆಂಬುಲೆನ್ಸ್ ಇಂಥ ಸೇವೆಗಳನ್ನ ದುಡ್ಡು ಕೊಟ್ಟು ಪಡೀತೀರಿ. ವಾಸಕ್ಕೆ ಬರುವವರಿಗೆ 55 ಅಥವಾ 60 ವರ್ಷ ದಾಟಿರಬೇಕು ಅನ್ನೋ ನಿಯಮ ಸಾಮಾನ್ಯ.

ಈ ಕಲ್ಪನೆ ದೊಡ್ಡ ಸುದ್ದಿಯಾದದ್ದು ಅಮೆರಿಕದಲ್ಲಿ. 1960ರ ಜನವರಿ 1ರಂದು ಡೆಲ್ ವೆಬ್ ಅನ್ನೋ ಬಿಲ್ಡರ್ ಅರಿಜೋನಾದಲ್ಲಿ ಸನ್ ಸಿಟಿ ಅನ್ನುವ ನಿವೃತ್ತರ ಊರನ್ನೇ ತೆರೆದ. ಕರ್ನಾಟಕದಲ್ಲಿ ಇಂಥವು ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತ ಇವೆ. ದೇವನಹಳ್ಳಿಯ ಬ್ರಿಗೇಡ್ ಆರ್ಚರ್ಡ್ಸ್ ಒಳಗಿನ ಪಾರ್ಕ್‌ಸೈಡ್, ವೈಟ್‌ಫೀಲ್ಡ್ ಕಡೆಯ ಅಥಶ್ರೀ ಇದಕ್ಕೆ ಉದಾಹರಣೆ. ಅಂದ್ರೆ ಚಿತ್ರದುರ್ಗದವರಿಗೆ ಇದು ಚಿಕ್ಕ ಮನೆಗೆ ಹೋಗೋದಷ್ಟೇ ಆಗಿರಲ್ಲ. ಸುಮಾರು 200 ಕಿಲೋಮೀಟರ್ ದೂರದ ಬೇರೆ ಊರಿಗೆ ಹೋಗೋದೂ ಆಗಿರುತ್ತೆ. ಈ ಎರಡು ಬದಲಾವಣೆಗಳನ್ನ ಬೇರೆ ಬೇರೆಯಾಗೇ ಯೋಚನೆ ಮಾಡಬೇಕು. ಚಿಕ್ಕ ಮನೆ ಸಾಕು ಅನ್ನೋದಾದ್ರೆ ಅದು ಚಿತ್ರದುರ್ಗದಲ್ಲೇ ಸಿಗಬಹುದಲ್ವಾ?

ಮೊದಲು ಈಗಿನ ಮನೆ ಅಳೀರಿ

ಟೇಪ್ ಹಿಡಿದು ಒಂದು ಮಧ್ಯಾಹ್ನ ಕೂತರೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತೆ. ನಮ್ಮ ದೇಶದಲ್ಲಿ ಎಲ್ಲರಿಗೂ ಓಡಾಡೋಕೆ ಆಗುವಂಥ ಕಟ್ಟಡ ಹೇಗಿರಬೇಕು ಅಂತ ಕೇಂದ್ರ ವಸತಿ ಸಚಿವಾಲಯದ 2021ರ ಮಾರ್ಗಸೂಚಿ ಇದೆ. ಅದರಿಂದ ಮೂರು ಸಂಖ್ಯೆ ನೆನಪಿಟ್ಟುಕೊಂಡ್ರೆ ಸಾಕು: ರ‍್ಯಾಂಪಿನ ಇಳಿಜಾರು 1:12, ಬಾಗಿಲಿನ ಅಗಲ 900 ಮಿಲಿಮೀಟರ್, ವೀಲ್‌ಚೇರ್ ತಿರುಗೋಕೆ 1500 ಮಿಲಿಮೀಟರ್ ವ್ಯಾಸದ ಜಾಗ. ನಮ್ಮ ಮನೆ ಭಾಷೇಲಿ ಹೇಳೋದಾದ್ರೆ ಬಾಗಿಲು ಸುಮಾರು 3 ಅಡಿ, ತಿರುಗೋ ಜಾಗ ಸುಮಾರು 5 ಅಡಿ.

ಈಗ ಆ 30×40 ಮನೆಯನ್ನ ಇದರ ಪಕ್ಕ ಇಟ್ಟು ನೋಡೋಣ. ಬಾಗಿಲ ಮುಂದೆ ಆರಾರು ಇಂಚಿನ ಮೂರು ಮೆಟ್ಟಿಲಿವೆ ಅಂದ್ಕೊಳ್ಳಿ. ಒಟ್ಟು ಎತ್ತರ ಒಂದೂವರೆ ಅಡಿ. 1:12ರ ಲೆಕ್ಕದಲ್ಲಿ ರ‍್ಯಾಂಪಿನ ಉದ್ದ 18 ಅಡಿ ಆಗುತ್ತೆ. ಗೇಟಿಗೂ ಬಾಗಿಲಿಗೂ ನಡುವೆ 5 ಅಡಿ ಇದ್ರೆ ನೇರ ರ‍್ಯಾಂಪ್ ಕೂರಲ್ಲ, ಗೋಡೆ ಪಕ್ಕದಲ್ಲಿ ತಿರುಗಿಸಿ ಕಟ್ಟಬೇಕು. "ಮೇಸ್ತ್ರಿಗೆ ಹೇಳಿ ಒಂದು ಚಿಕ್ಕ ರ‍್ಯಾಂಪ್ ಹಾಕಿಸಿಬಿಡೋಣ" ಅಂತ 4 ಅಡಿಯಲ್ಲಿ ಮುಗಿಸಿದ್ರೆ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ.

ಬಚ್ಚಲುಮನೆ 4×7 ಅಡಿ ಇದ್ರೆ 5 ಅಡಿ ತಿರುಗೋ ಜಾಗ ಅಲ್ಲಿ ಬರೋದೇ ಇಲ್ಲ. ಬಾಗಿಲು ಎರಡೂವರೆ ಅಡಿ ಇದ್ರೆ ವೀಲ್‌ಚೇರ್ ಒಳಗೆ ಹೋಗೋದೇ ಕಷ್ಟ. ಆದ್ರೆ ಇವತ್ತು ನಡೆದಾಡುತ್ತಿರುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಜಾರದ ಟೈಲ್ಸ್, ಕಮೋಡ್, ಅದರ ಪಕ್ಕ ಹಿಡಿದು ಏಳೋಕೆ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಸ್ಟೀಲ್ ಕಂಬಿ, ಮಂಚದಿಂದ ಬಚ್ಚಲಿನ ತನಕ ರಾತ್ರಿ ಉರಿಯೋ ಸಣ್ಣ ಲೈಟ್, ಮಲಗೋ ಕೋಣೆ ಕೆಳಗಡೆಗೆ. ಇದೆಲ್ಲ ಒಂದು ವಾರದ ಕೆಲಸ. ಒಂದು ಎಚ್ಚರಿಕೆ: ಟವೆಲ್ ಹಾಕೋ ರಾಡು ಹಿಡಿಕೆ ಅಲ್ಲ. ಅದನ್ನ ಡಿಸೈನ್ ಮಾಡಿರೋದು ಒದ್ದೆ ಟವೆಲಿನ ಭಾರಕ್ಕೆ, ಜಾರಿದ ಮನುಷ್ಯನ ಭಾರಕ್ಕಲ್ಲ.

ರಿಪೇರಿಯಿಂದ ಆಗದಿರುವ ಕೆಲಸಗಳೂ ಇವೆ. ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದ್ರೆ ಯಾರು ಕರ್ಕೊಂಡು ಹೋಗ್ತಾರೆ, ದಿನಾ ಅಡುಗೆ ಯಾರು ಮಾಡ್ತಾರೆ, ವಾರಗಟ್ಟಲೆ ಮಾತಾಡೋಕೆ ಯಾರೂ ಇಲ್ಲ ಅಂದ್ರೆ ಏನು ಮಾಡೋದು, ಈ ಮೂರಕ್ಕೆ ಮೇಸ್ತ್ರಿ ಹತ್ರ ಉತ್ತರ ಇಲ್ಲ. ಹಿರಿಯರ ಅಪಾರ್ಟ್‌ಮೆಂಟ್ ನಿಜವಾಗಿ ಮಾರೋದು ಈ ಮೂರಕ್ಕೆ ಉತ್ತರಾನೇ. ಇವುಗಳಲ್ಲಿ ಯಾವುದು ಅವರಿಗೆ ತೊಂದರೆ ಕೊಡ್ತಿದೆ ಅನ್ನೋದು ಗೊತ್ತಾಗದೆ ಬ್ರೋಷರ್ ನೋಡೋದ್ರಲ್ಲಿ ಅರ್ಥ ಇಲ್ಲ.

ಫ್ಲಾಟ್ ಎಷ್ಟು ದೊಡ್ಡದು?

ಬ್ರೋಷರಿನಲ್ಲಿ "1000 ಚದರ ಅಡಿ" ಅಂತ ಇದ್ರೆ ತಕ್ಷಣ ಕೇಳಬೇಕಾದ ಪ್ರಶ್ನೆ: ಸೂಪರ್ ಬಿಲ್ಟ್-ಅಪ್ಪಾ, ಕಾರ್ಪೆಟ್ಟಾ? ಸೂಪರ್ ಬಿಲ್ಟ್-ಅಪ್ ಅಳತೆಯಲ್ಲಿ ಲಿಫ್ಟ್, ಕಾರಿಡಾರ್, ಲಾಬಿಯ ಪಾಲೂ ಸೇರಿರುತ್ತೆ. 2016ರ ರೇರಾ ಕಾಯ್ದೆ ಪ್ರಕಾರ ಕಾರ್ಪೆಟ್ ಏರಿಯಾ ಅಂದ್ರೆ ಫ್ಲಾಟಿನ ಒಳಗೆ ಬಳಕೆಗೆ ಸಿಗುವ ನೆಲ. ಒಳಗೋಡೆಗಳ ಜಾಗ ಸೇರುತ್ತೆ; ಹೊರಗೋಡೆ, ಡಕ್ಟ್, ಬಾಲ್ಕನಿ ಸೇರಲ್ಲ. ಹಂಚಿಕೆಯ ಜಾಗ, ಗೋಡೆ, ಬಾಲ್ಕನಿ ಎಲ್ಲ ಸೇರಿ ನೂರಕ್ಕೆ 30 ಹೋಯ್ತು ಅಂದ್ರೆ 1000ದಲ್ಲಿ ಉಳಿಯೋದು 700. ದೊಡ್ಡ ಹಾಲ್, ಹಿತ್ತಲು, ತಾರಸಿ ಇದ್ದ ಮನೆಯಿಂದ ಬರುವವರಿಗೆ ಈ 300 ಅಡಿ ಚಿಕ್ಕ ವಿಷಯ ಅಲ್ಲ.

ನೋಡೋಕೆ ಹೋದಾಗ ಮಾಡೆಲ್ ಫ್ಲಾಟಿನ ಸೋಫಾ, ಪರದೆ ನೋಡಿ ಮರುಳಾಗಬೇಡಿ. ಟೇಪ್ ತೆಗೀರಿ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುತ್ತಾ ನೋಡಿ. ಒಳಗೆ ಯಾರಾದ್ರೂ ಬಿದ್ದು ಬಾಗಿಲಿಗೆ ಅಡ್ಡ ಆದ್ರೆ, ಒಳಕ್ಕೆ ತೆರೆಯೋ ಬಾಗಿಲನ್ನ ತಳ್ಳೋಕಾಗಲ್ಲ. ಸ್ಟ್ರೆಚರ್ ಹಿಡಿಯೋ ಲಿಫ್ಟ್ ಇದ್ಯಾ, ಕರೆಂಟ್ ಹೋದ್ರೆ ಅದು ಜನರೇಟರಿನಲ್ಲಿ ಓಡುತ್ತಾ, ಫ್ಲಾಟಿನಿಂದ ಊಟದ ಹಾಲಿಗೆ ಎಷ್ಟು ಹೆಜ್ಜೆ ಅಂತ ಗಮನಿಸಿ. ಆಮೇಲೆ ಸೇಲ್ಸ್‌ನವರನ್ನ ಬಿಟ್ಟು, ಅಲ್ಲಿರುವ ಹಿರಿಯರ ಜೊತೆ ಕೂತು ಒಂದು ಊಟ ಮಾಡಿ. ಸಾರು ಹೇಗಿದೆ, ಯಾವ ಭಾಷೆಯಲ್ಲಿ ಹರಟೆ ನಡೀತಿದೆ, ಮುದ್ದೆ ಸಿಗುತ್ತಾ ಇಲ್ಲ ಬರೀ ಚಪಾತಿನಾ, ಇವೆಲ್ಲ ದಿನಾ ಬದುಕೋ ವಿಷಯಗಳು.

ಕರಾರಿನಲ್ಲಿ ಏನಿದೆ?

ಇಂಥ ಕಡೆ ಮನೆ ಸಿಗೋದು ಸಾಮಾನ್ಯವಾಗಿ ಮೂರು ರೀತಿಯಲ್ಲಿ. ಒಂದು, ಪೂರ್ತಿ ಖರೀದಿ: ಫ್ಲಾಟ್ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗುತ್ತೆ. ಎರಡು, ದೊಡ್ಡ ಡೆಪಾಸಿಟ್ ಕೊಟ್ಟು ವಾಸ: ಬಿಡುವಾಗ ಡೆಪಾಸಿಟ್ ಪೂರ್ತಿಯೋ, ಸ್ವಲ್ಪ ಮುರಿದುಕೊಂಡೋ ವಾಪಸ್. ಮೂರು, ತಿಂಗಳ ಬಾಡಿಗೆ. ಮೂರರಲ್ಲೂ ಸೇವೆಗಳಿಗೆ ತಿಂಗಳ ಶುಲ್ಕ ಬೇರೆ ಇರುತ್ತೆ.

ಇಲ್ಲಿ ಒಂದು ವಿಷಯ ಗೊತ್ತಿರ್ಲಿ. ರೇರಾ ನೋಡೋದು ಮುಖ್ಯವಾಗಿ ಕಟ್ಟಡವನ್ನ, ಅಂದ್ರೆ ಹೇಳಿದ ಅಳತೆಯಲ್ಲಿ, ಹೇಳಿದ ದಿನಕ್ಕೆ ಕೊಟ್ರಾ ಅನ್ನೋದನ್ನ. ಹತ್ತು ವರ್ಷ ಆದಮೇಲೂ ನರ್ಸ್ ಇರ್ತಾರಾ, ಊಟ ಸರಿಯಾಗಿ ಕೊಡ್ತಾರಾ ಅನ್ನೋದು ಬೇರೆ ಕರಾರಿನ ವಿಷಯ. 2019ರಲ್ಲಿ ಕೇಂದ್ರ ವಸತಿ ಸಚಿವಾಲಯ ಹೊರಡಿಸಿದ ನಿವೃತ್ತರ ಮನೆಗಳ ಮಾದರಿ ಮಾರ್ಗಸೂಚಿ, ಬಿಲ್ಡರ್, ಸೇವೆ ಕೊಡುವವರು, ಮನೆ ತಗೊಳ್ಳುವವರು ಈ ಮೂವರೂ ಸೇರಿ ಸಹಿ ಹಾಕುವ ಒಪ್ಪಂದ ಇರಬೇಕು ಅನ್ನುತ್ತೆ. ಅದು ಮಾದರಿ ಮಾತ್ರ. ಆದ್ರೆ "ಇಂಥ ಒಪ್ಪಂದ ಇದ್ಯಾ, ತೋರಿಸಿ" ಅಂತ ಕೇಳೋಕೆ ಅಷ್ಟು ಸಾಕು.

ಕರಾರು ಓದುವಾಗ ಹುಡುಕಬೇಕಾದ್ದು ಇಷ್ಟು. ಇಬ್ಬರಲ್ಲಿ ಒಬ್ಬರು ತೀರಿಕೊಂಡ್ರೆ ಇನ್ನೊಬ್ಬರು ಅದೇ ಮನೇಲಿ ಇರಬಹುದಾ, ಶುಲ್ಕ ಕಡಿಮೆ ಆಗುತ್ತಾ? ಮರೆವಿನ ಕಾಯಿಲೆ ಬಂದ್ರೆ, ಹಾಸಿಗೆ ಹಿಡಿದ್ರೆ ಅಲ್ಲೇ ನೋಡಿಕೊಳ್ತಾರಾ, ಇಲ್ಲಾ ಬೇರೆ ಕಡೆ ಹೋಗಿ ಅಂತಾರಾ? ಮೊಮ್ಮಕ್ಕಳು ರಜೆಗೆ ಬಂದ್ರೆ ಎಷ್ಟು ದಿನ ಇರಬಹುದು? ಖರೀದಿ ಆದ್ರೆ, ಮುಂದೆ ಯಾರಿಗೆ ಬೇಕಾದ್ರೂ ಮಾರಬಹುದಾ, ಇಲ್ಲಾ ವಯಸ್ಸಾದವರಿಗೆ ಮಾತ್ರನಾ? ಕೊಳ್ಳುವವರು ಕಡಿಮೆ ಇದ್ದಷ್ಟೂ ಮಾರೋದು ನಿಧಾನ ಆಗುತ್ತೆ. ಡೆಪಾಸಿಟ್ ಆದ್ರೆ ಎಷ್ಟು ದಿನದೊಳಗೆ ವಾಪಸ್? ಬಾಯಿಮಾತಿನ ಉತ್ತರ ಬೇಡ, ಪುಟದ ನಂಬರ್ ಕೇಳಿ.

ತಿಂಗಳ ಲೆಕ್ಕ

ಜನ ಫ್ಲಾಟಿನ ಬೆಲೆಯ ಮೇಲೆ ಎಷ್ಟು ಚೌಕಾಸಿ ಮಾಡ್ತಾರೋ, ತಿಂಗಳ ಶುಲ್ಕದ ಮೇಲೆ ಅಷ್ಟು ಯೋಚನೆ ಮಾಡಲ್ಲ. ಒಂದು ಊಹೆಯ ಲೆಕ್ಕ ಹಾಕೋಣ. ಇಬ್ಬರಿಗೆ ಊಟ, ಮೇಂಟೆನೆನ್ಸ್ ಎಲ್ಲ ಸೇರಿ ತಿಂಗಳಿಗೆ ₹30,000. ವರ್ಷಕ್ಕೆ ನೂರಕ್ಕೆ 6ರಂತೆ ಏರಿದ್ರೆ 10 ವರ್ಷಕ್ಕೆ ಅದು ಸುಮಾರು ₹53,700, 15 ವರ್ಷಕ್ಕೆ ಸುಮಾರು ₹71,900. ಮನೆ ಮಾರಿ ಉಳಿದ ₹50 ಲಕ್ಷವನ್ನ ನೂರಕ್ಕೆ 7ರ ಬಡ್ಡಿಗೆ ಎಫ್‌ಡಿ ಇಟ್ರೆ ತಿಂಗಳಿಗೆ ಸುಮಾರು ₹29,000 ಬರುತ್ತೆ. ಮೊದಲ ವರ್ಷ ಹೆಚ್ಚುಕಡಿಮೆ ಸರಿಹೋಯ್ತು ಅನ್ಸುತ್ತೆ. ಹತ್ತನೇ ವರ್ಷಕ್ಕೆ ಬಡ್ಡಿ ಅಷ್ಟೇ ಇರುತ್ತೆ, ಬಿಲ್ಲು ಹತ್ತಿರ ಹತ್ತಿರ ಎರಡರಷ್ಟಾಗಿರುತ್ತೆ. ಇದಕ್ಕೆ ಔಷಧಿ, ಆಸ್ಪತ್ರೆ ಖರ್ಚು ಸೇರಿಸೇ ಇಲ್ಲ.

ಡಿಎ ಏರುವ ಸರ್ಕಾರಿ ಪಿಂಚಣಿ ಇರುವವರ ಲೆಕ್ಕ ಬೇರೆ, ಇಲ್ಲದವರ ಲೆಕ್ಕ ಬೇರೆ. ಇಪಿಎಸ್-95ರಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ ತಿಂಗಳಿಗೆ ₹1,000. ಆದ್ದರಿಂದ ಎಕ್ಸೆಲ್ ಶೀಟಿನಲ್ಲಿ 20 ವರ್ಷಕ್ಕೆ ಸಾಲು ಎಳೆದು ನೋಡಿ. ಈ ಕೆಲಸ ನಮಗೆ ಹತ್ತು ನಿಮಿಷದ್ದು, ಮನೆಯವರಿಗೆ ತುಂಬ ಉಪಯೋಗದ್ದು.

ಮಾರೋ ಮುಂಚೆ ಗೊತ್ತಿರಬೇಕಾದ್ದು

ಮನೆ ಸ್ವಯಾರ್ಜಿತವಾದ್ರೆ ಯಾರ ಹೆಸರಿನಲ್ಲಿದೆಯೋ ಅವರು ಮಾರಬಹುದು. ಪಿತ್ರಾರ್ಜಿತವಾದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಸೋದರತ್ತೆಯಂದಿರನ್ನ ಕೇಳದೆ ವ್ಯಾಪಾರ ಕುದುರಿಸಿದ್ರೆ ವಿಷಯ ಕೋರ್ಟಿಗೆ ಹೋಗುತ್ತೆ. ಊರಿನ ಮನೆಗೆ ಇ-ಖಾತೆ ಆಗಿದ್ಯಾ ಅಂತಾನೂ ಮೊದಲೇ ನೋಡಿ. ಅದಿಲ್ಲದೆ ರಿಜಿಸ್ಟ್ರೇಷನ್ ನಿಲ್ಲುತ್ತೆ.

ಆಮೇಲೆ ತೆರಿಗೆ. ಮನೆ ಮಾರಿ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇದೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿ ಆದ್ರೆ ಇಂಡೆಕ್ಸೇಷನ್ ಇಲ್ಲದೆ 12.5%, ಇಂಡೆಕ್ಸೇಷನ್ ಜೊತೆ 20%, ಇವೆರಡರಲ್ಲಿ ಕಡಿಮೆ ಆಗೋದನ್ನ ಕಟ್ಟಬಹುದು. ಆ ಲಾಭದಲ್ಲಿ ಇನ್ನೊಂದು ಮನೆ ಕೊಂಡ್ರೆ ವಿನಾಯಿತಿ ಸಿಗುತ್ತೆ. ಮಾರುವ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಂಡಿರಬೇಕು. ಇಲ್ಲಿ ಎರಡು ಕಡೆ ಎಡವೋದು ಸುಲಭ. ಡೆಪಾಸಿಟ್ ಕೊಟ್ಟು ವಾಸ ಮಾಡೋದು ಖರೀದಿ ಅಲ್ಲ, ಹಾಗಾಗಿ ಈ ವಿನಾಯಿತಿಯನ್ನ ನಂಬಿ ಕೂರಬೇಡಿ, ಆಡಿಟರನ್ನ ಕೇಳಿ. ಇನ್ನೊಂದು, ವಿನಾಯಿತಿ ಪಡೆದು ಕೊಂಡ ಹೊಸ ಮನೆಯನ್ನ ಮೂರು ವರ್ಷದೊಳಗೆ ಮಾರಿದ್ರೆ ಉಳಿಸಿದ ತೆರಿಗೆಯ ಲೆಕ್ಕ ಮತ್ತೆ ತೆರೆಯುತ್ತೆ. ಅಂದ್ರೆ "ಹಿಡಿಸದಿದ್ರೆ ಆರು ತಿಂಗಳಲ್ಲಿ ಮಾರಿ ಬಂದ್ಬಿಡೋಣ" ಅನ್ನೋ ಮಾತು ಅಷ್ಟು ಸಲೀಸಲ್ಲ.

ಮಾರೋ ಬದಲು ಮಕ್ಕಳ ಹೆಸರಿಗೆ ದಾನಪತ್ರ ಮಾಡಿ, "ನೀವೇ ನೋಡ್ಕೊಳ್ಳಿ" ಅನ್ನುವವರೂ ಇದ್ದಾರೆ. 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನ, ಅವರು ನೋಡಿಕೊಳ್ಳದಿದ್ರೆ ರದ್ದು ಮಾಡಿಸಬಹುದು. ಆದ್ರೆ ಅಂಥ ಷರತ್ತು ಇದ್ದದ್ದು ಕಾಣಬೇಕು ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟ್ ಈ ಕಾಯ್ದೆಯನ್ನ ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ಹೇಳಿ, ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಹಾಗಿದ್ರೂ ಷರತ್ತನ್ನ ಪತ್ರದಲ್ಲೇ ಬರೆಸೋದು ಒಳ್ಳೇದು. ಮಕ್ಕಳ ಮೇಲೆ ಅನುಮಾನ ಅಂತಲ್ಲ, ಕಾಗದ ಇರೋದೇ ಅದಕ್ಕೆ.

ಮನೇಲೇ ಇರಬೇಕು, ಆದ್ರೆ ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ 2007ರಿಂದ ರಿವರ್ಸ್ ಮಾರ್ಟ್‌ಗೇಜ್ ಅನ್ನೋ ದಾರಿ ಇದೆ. 60 ದಾಟಿದವರು ತಾವು ವಾಸ ಮಾಡುವ ಸ್ವಂತ ಮನೆಯನ್ನ ಬ್ಯಾಂಕಿಗೆ ಅಡ ಇಟ್ಟು ಕಂತಿನಲ್ಲಿ ದುಡ್ಡು ಪಡೀಬಹುದು. ಅಲ್ಲಿ ವಾಸ ಇರೋ ತನಕ ತೀರಿಸಬೇಕಾಗಿಲ್ಲ. ಮಹಡಿ ಬಾಡಿಗೆಗೆ ಕೊಡೋದು ಇದಕ್ಕಿಂತ ಹಳೆಯ ದಾರಿ. ರಾತ್ರಿ ಕೂಗಿದ್ರೆ ಓಗೊಡೋಕೆ ಒಬ್ಬರು ಇದ್ದಂಗೂ ಆಯ್ತು.

ಸಾಮಾನು

ಹಂಡೆ, ಒರಳುಕಲ್ಲು, ಚಳ್ಳಕೆರೆ ಕಂಬಳಿ, ಅಟ್ಟದ ಮೇಲಿನ ಟ್ರಂಕು, ಯಾರದ್ದೋ ಮದುವೆಗೆ ಬಂದ ಹನ್ನೆರಡು ಸ್ಟೀಲ್ ತಟ್ಟೆ, ನಮ್ಮ ಅಪ್ಪಂದಿರ ಹತ್ತನೇ ಕ್ಲಾಸಿನ ನೋಟ್ಸು. ಹಿತ್ತಲು, ಅಟ್ಟ ಎರಡೂ ಇಲ್ಲದ 700 ಚದರ ಅಡಿಗೆ ಇದೆಲ್ಲ ಹೋಗಲ್ಲ. ಇಲ್ಲಿ ನಮ್ಮ ಸರ್ವೇಯಿಂಗ್ ಪಾಠ ಕೆಲಸಕ್ಕೆ ಬರುತ್ತೆ.

ಫ್ಲಾಟಿನ ಪ್ಲಾನ್ ತಗೊಂಡು, ಈಗಿನ ಮನೆಯ ಹಾಲಿನ ನೆಲದ ಮೇಲೆ ಒಂದೊಂದೇ ಕೋಣೆಯನ್ನ ಸೀಮೆಸುಣ್ಣದಲ್ಲಿ ಪೂರ್ತಿ ಅಳತೆಗೆ ಎಳೀರಿ. ಪಾಯ ತೆಗೆಯೋ ಮುಂಚೆ ಮೇಸ್ತ್ರಿ ಮಾರ್ಕಿಂಗ್ ಮಾಡ್ತಾರಲ್ಲ, ಹಾಗೆ. ತಾರಸಿಯಲ್ಲಿ ಜಾಗ ಜಾಸ್ತಿ, ಆದ್ರೆ ಮಂಡಿನೋವಿನವರನ್ನ ಅಲ್ಲಿಗೆ ಹತ್ತಿಸೋದು ಬೇಡ. 10×11 ಅಡಿಯ ಮಲಗೋ ಕೋಣೆ ಎಳೆದು, 6 ಅಡಿ ಅಗಲದ ಹಳೇ ತೇಗದ ಮಂಚದ ಅಳತೆಯನ್ನೂ ಅದರೊಳಗೆ ಎಳೀರಿ. ಒಂದು ಬದಿಯಲ್ಲಿ 3 ಅಡಿ ದಾರಿ ಬಿಟ್ರೆ ಇನ್ನೊಂದು ಬದಿಯಲ್ಲಿ ಉಳಿಯೋದು 1 ಅಡಿ. ಗೋಡೆ ಕಡೆ ಮಲಗಿದವರು ರಾತ್ರಿ ಎದ್ದು ಹೋಗೋದು ಹೇಗೆ? 3 ಅಡಿಯ ಎರಡು ಮಂಚವನ್ನ ಎರಡು ಗೋಡೆಗೆ ಸೇರಿಸಿದ್ರೆ ನಡುವೆ 4 ಅಡಿ ಸಿಗುತ್ತೆ, ಇಬ್ಬರಿಗೂ ಆಗುತ್ತೆ. ಆ ಗೆರೆಯೊಳಗೆ ನಿಂತು ನೋಡಿದ್ಮೇಲೆ ಯಾವುದು ಹೋಗುತ್ತೆ, ಯಾವುದು ಬೇಡ ಅನ್ನೋದನ್ನ ಅವರೇ ಹೇಳ್ತಾರೆ. ನಾವು ವಾದ ಮಾಡಬೇಕಾಗಿಲ್ಲ.

ಕೊಡೋದನ್ನ ಅವರ ಕೈಯಿಂದಲೇ ಕೊಡಿಸಿ. ಯಾವ ಪಾತ್ರೆ ಯಾವ ಮಗಳಿಗೆ, ಯಾವ ಸೀರೆ ಯಾವ ಮೊಮ್ಮಗಳಿಗೆ ಅಂತ ಅಜ್ಜಿಗೆ ಗೊತ್ತಿರುತ್ತೆ. ಅವರು ಆಸ್ಪತ್ರೆಗೆ ಹೋಗಿದ್ದಾಗ ನಾವು ಗುಜರಿಯವರನ್ನ ಕರೆಸಿ ಅಟ್ಟ ಖಾಲಿ ಮಾಡಿಸೋದು ಸಹಾಯ ಅಲ್ಲ. ದೇವರ ಮನೆಯ ಸಾಮಾನು ಕೊನೆಗೆ ಕಟ್ಟಿ, ಹೊಸ ಕಡೆ ಮೊದಲು ಬಿಚ್ಚಿ.

ಯಾರು ತೀರ್ಮಾನ ಮಾಡಬೇಕು?

ಜಾಗ ಬದಲಾದಾಗ ಹಿರಿಯರಲ್ಲಿ ಕಾಣುವ ಗೊಂದಲ, ಆತಂಕ, ಮಂಕುತನಕ್ಕೆ ಶುಶ್ರೂಷಾ ಶಾಸ್ತ್ರದಲ್ಲಿ ಹೆಸರೇ ಇದೆ: ರೀಲೊಕೇಶನ್ ಸ್ಟ್ರೆಸ್ ಸಿಂಡ್ರೋಮ್. ಅಮೆರಿಕದ ನಾಂಡಾ ಸಂಸ್ಥೆ 1992ರಲ್ಲಿ ಅದನ್ನ ತನ್ನ ಪಟ್ಟಿಗೆ ಸೇರಿಸಿತು. ಅಂದ್ರೆ "ನಾಲ್ಕು ದಿನ ಆದ್ರೆ ಅಭ್ಯಾಸ ಆಗುತ್ತೆ ಬಿಡಿ" ಅಂತ ತಳ್ಳಿಹಾಕೋ ವಿಷಯ ಅಲ್ಲ ಇದು.

ಇದಕ್ಕೆ ಹತ್ತಿರದ ಒಂದು ಹೆಸರಾಂತ ಪ್ರಯೋಗ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನೋ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್‌ನ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ ಮಾಡಿದ್ದು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕು ಅಂತ ನೀವೇ ನಿರ್ಧರಿಸಿ, ಇಷ್ಟದ ಗಿಡ ಆರಿಸಿಕೊಂಡು ನೀವೇ ನೀರು ಹಾಕಿ, ಸಿನಿಮಾ ಯಾವ ರಾತ್ರಿ ನೋಡಬೇಕು ಅನ್ನೋದೂ ನಿಮಗೇ ಬಿಟ್ಟದ್ದು ಅಂದ್ರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ರು, ಆದ್ರೆ ನೀರು ಹಾಕೋದು ನರ್ಸ್ ಕೆಲಸ, ನಿಮ್ಮನ್ನ ನಾವು ಚೆನ್ನಾಗಿ ನೋಡಿಕೊಳ್ತೀವಿ ಅಂದ್ರು. ಮೂರು ವಾರದ ನಂತರ ಮೊದಲನೆಯವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡರು. ನೂರರೊಳಗಿನ ಜನರ ಸಣ್ಣ ಅಧ್ಯಯನ ಅದು, ಎಲ್ಲದಕ್ಕೂ ಅದನ್ನೇ ಪ್ರಮಾಣ ಅಂತ ಹಿಡಿಯಬೇಕಿಲ್ಲ. ಆದ್ರೆ ಒಂದೇ ಕಟ್ಟಡ, ಒಂದೇ ಗಿಡ, ನೀರು ಹಾಕೋ ಕೈ ಮಾತ್ರ ಬೇರೆ ಅನ್ನೋದನ್ನ ಗಮನಿಸಿ.

ಇನ್ನೊಂದು ವಿಷಯ: ಅಜ್ಜ-ಅಜ್ಜಿಯನ್ನ ಒಟ್ಟಿಗೆ ಕೂರಿಸಿ ಕೇಳಿದ್ರೆ ಸಾಮಾನ್ಯವಾಗಿ ಒಬ್ಬರ ಉತ್ತರವೇ ಸಿಗುತ್ತೆ. ಬೇರೆ ಬೇರೆ ಕೇಳಿ. ಅಜ್ಜನಿಗೆ ಆ ಮನೆ ಅಂದ್ರೆ ತಾವು ಕಟ್ಟಿಸಿದ್ದು, ಬೆಳಿಗ್ಗೆ ಆಡುಮಲ್ಲೇಶ್ವರದ ಕಡೆ ವಾಕಿಂಗ್, ಗಾಳಿಯಂತ್ರಗಳು ಕಾಣೋ ಬೆಟ್ಟ, ಪಿಂಚಣಿ ಬ್ಯಾಂಕಿನ ಪರಿಚಯದ ಮುಖ. ಅಜ್ಜಿಗೂ ಇದೆಲ್ಲ ಇದೆ, ಜೊತೆಗೆ ಐವತ್ತು ವರ್ಷದಿಂದ ಮೂರು ಹೊತ್ತಿನ ಅಡುಗೆಯೂ ಇದೆ. ಇನ್ನೊಬ್ಬರು ಮಾಡಿ ಬಡಿಸೋ ಊಟದ ಹಾಲು ಅವರಿಗೆ ಬಿಡುಗಡೆ ಅನ್ನಿಸಬಹುದು. ಇಲ್ಲಾ, ನನ್ನ ಒಲೆ ಕಿತ್ಕೊಂಡ್ರು ಅಂತಾನೂ ಅನ್ನಿಸಬಹುದು. ಯಾವುದು ಅಂತ ನಾವು ಊಹೆ ಮಾಡಬಾರದು. ಮನೆ ಅಜ್ಜನ ಹೆಸರಲ್ಲಿದ್ರೂ ಅಲ್ಲಿ ಬದುಕಬೇಕಾದವರು ಇಬ್ಬರು.

ಹಾಗಾದ್ರೆ ಕ್ರಮ ಏನು?

ಮೊದಲು, ಯಾವ ತೊಂದರೆಗೆ ಪರಿಹಾರ ಬೇಕು ಅಂತ ಇಬ್ಬರನ್ನೂ ಕೇಳಿ. ಎರಡನೆಯದು, ಈಗಿನ ಮನೆಯನ್ನ ಅಳೆದು ಆಗುವ ರಿಪೇರಿ ಮಾಡಿಸಿ. ಎಷ್ಟೋ ಸಲ ಅಲ್ಲಿಗೇ ಎರಡು-ಮೂರು ವರ್ಷ ಸಿಗುತ್ತೆ. ಮೂರನೆಯದು, ಹತ್ತಿರದ ದಾರಿಗಳನ್ನ ನೋಡಿ: ಅದೇ ಊರಲ್ಲಿ ನೆಲಮಹಡಿಯ ಚಿಕ್ಕ ಬಾಡಿಗೆ ಮನೆ, ಮಗಳ ಮನೆ ಪಕ್ಕದ ಬೀದಿ. ನಾಲ್ಕನೆಯದು, ಹಿರಿಯರ ಅಪಾರ್ಟ್‌ಮೆಂಟೇ ಸರಿ ಅನ್ಸಿದ್ರೆ ಊರಿನ ಮನೆಗೆ ಬೀಗ ಹಾಕಿ, ಅಲ್ಲಿ ಒಂದು-ಎರಡು ತಿಂಗಳು ಬಾಡಿಗೆಗೆ ಇದ್ದು ನೋಡಿ. ಅಂಥ ಅವಕಾಶ ಇದ್ಯಾ ಅಂತ ಕೇಳೋಕೆ ಸಂಕೋಚ ಬೇಡ. ಐದನೆಯದು, ಕರಾರು ಓದಿ, 20 ವರ್ಷದ ಲೆಕ್ಕ ಹಾಕಿ, ಒಬ್ಬ ವಕೀಲರಿಗೂ ಆಡಿಟರಿಗೂ ತೋರಿಸಿ. ಆರನೆಯದು, ಸಾಮಾನು. ಏಳನೆಯದು, ಮಾರಾಟ.

ನಾವು ಇಲ್ಲಿವರೆಗೆ ಮಾತಾಡಿದ್ದು ಮಾರೋಕೆ ಒಂದು ಮನೆ ಇರುವವರ ಬಗ್ಗೆ. ಮನೆಯೇ ಇಲ್ಲದ, ಇದ್ದೂ ಒಳಗೆ ಜಾಗ ಇಲ್ಲದ ಹಿರಿಯರೂ ನಮ್ಮ ಊರುಗಳಲ್ಲಿ ಇದ್ದಾರೆ. ಅಂಥವರು ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿಯ ನಂಬರ್ 14567. ಅಕ್ಕಪಕ್ಕದ ಯಾರಿಗಾದ್ರೂ ಬೇಕಾಗಬಹುದು, ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಈ ಸಲ ಹಬ್ಬದ ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು 5 ಮೀಟರ್ ಟೇಪ್ ಇಟ್ಕೊಳ್ಳಿ. ಬಚ್ಚಲಿನ ಬಾಗಿಲಿನಿಂದ ಶುರು ಮಾಡಿ. ಇನ್ನೊಂದು ತುದಿ ಹಿಡಿಯೋಕೆ ಅಜ್ಜನನ್ನೇ ಕರೀರಿ.